ಬಾಯ್ಲರ್ ಟ್ಯೂಬ್ ಪದೇ ಪದೇ ಸೋರುತ್ತಿದೆ: ಮತ್ತೆ ಎಕ್ಸ್‌ಪಾಂಡ್ ಮಾಡಿಸಬೇಕೆ?

ಪ್ರಶ್ನೆ: ನಮ್ಮದು ಗಂಗಾವತಿ ಹತ್ತಿರ ಬಾಯಿಲ್ಡ್ ರೈಸ್ ಮಿಲ್. ಗಂಟೆಗೆ 3 ಟನ್ ಹಬೆಯ ಬಾಯ್ಲರ್, ಚದರ ಸೆಂ.ಮೀ.ಗೆ 10.54 ಕೆ.ಜಿ. ಒತ್ತಡದ್ದು, ಹನ್ನೊಂದು ವರ್ಷ ಹಳೆಯದು. ಭತ್ತದ ಹೊಟ್ಟು ಉರಿಸುತ್ತೇವೆ. ಕೆಳಗೆ ಬೆಂಕಿ ಗೂಡು, ಮೇಲೆ ಸ್ಮೋಕ್ ಟ್ಯೂಬ್ ಶೆಲ್, ಅಂದರೆ ನೀರು ತುಂಬಿದ ದೊಡ್ಡ ಉರುಳೆ, ಅದರೊಳಗೆ ಹೊಗೆ ಹಾಯುವ ಟ್ಯೂಬ್‌ಗಳು. ಗೂಡಿನಿಂದ ಬಿಸಿ ಗಾಳಿ ನುಗ್ಗುವ ಕಡೆಯ ಟ್ಯೂಬ್ ಪ್ಲೇಟ್‌ನಲ್ಲಿ (ಟ್ಯೂಬ್ ತುದಿಗಳು ಕೂರುವ ತೂತುಗಳ ಪ್ಲೇಟ್) ಟ್ಯೂಬ್ ಬಾಯಿಗಳು ಸೋರುತ್ತಿವೆ. ಎಂಟು ತಿಂಗಳಲ್ಲಿ ಮೂರು ಸಲ ಎಕ್ಸ್‌ಪಾಂಡ್ ಮಾಡಿಸಿದೆವು, ಅಂದರೆ ಟ್ಯೂಬ್ ಬಾಯಿ ಹಿಗ್ಗಿಸಿ ತೂತಿನಲ್ಲಿ ಬಿಗಿ ಮಾಡಿಸಿದೆವು. ಪ್ರತಿ ಸಲವೂ ಒಂದು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಅದೇ ಟ್ಯೂಬ್, ಇಲ್ಲವೇ ಅದರ ಪಕ್ಕದ್ದು. ಈಗ ಒಂದು ಟ್ಯೂಬ್‌ನ ಒಳಗಿಂದಲೇ ನೀರು ಬರುತ್ತಿದೆ. ವೆಲ್ಡ್ ಹೊಡೆದು ಮುಚ್ಚಿಬಿಡೋಣ ಅಂತ ಫಿಟ್ಟರ್ ಹೇಳುತ್ತಾರೆ. ಬೋರ್ ನೀರು, ಗಡಸುತನ 600 ಪಿ.ಪಿ.ಎಂ. ನೀರಿನ ಗಡಸು ತೆಗೆಯುವ, 200 ಲೀಟರ್ ರೆಸಿನ್ ಹರಳಿನ ಸಾಫ್ಟನರ್ ಇದೆ, ರೆಸಿನ್ ತೊಳೆಯಲು ದಿನಾ ಬೆಳಿಗ್ಗೆ ಉಪ್ಪು ಹಾಕುತ್ತೇವೆ. ಗಂಟೆಗೆ ಸುಮಾರು ಎರಡೂವರೆ ಸಾವಿರ ಲೀಟರ್ ನೀರು ಬೇಕು, ದಿನಕ್ಕೆ ಇಪ್ಪತ್ತು ಗಂಟೆ ಓಡುತ್ತದೆ. ಡ್ರೈಯರ್‌ನ ಕಂಡೆನ್ಸೇಟ್, ಅಂದರೆ ಹಬೆ ತಣಿದು ಆದ ನೀರು, ಚರಂಡಿಗೆ ಹೋಗುತ್ತದೆ. ಸೀಸನ್ ಜೋರಾಗಿದೆ, ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸುವ ಹಾಗಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಬೆಂಕಿ ನಿಲ್ಲಿಸಿ. ಉಳಿದದ್ದೆಲ್ಲ ಆಮೇಲೆ. ಟ್ಯೂಬ್ ಬಾಯಿಯಲ್ಲಿ ಹನಿ ಹನಿ ಜಿನುಗುವುದು ಬೇರೆ, ಟ್ಯೂಬ್‌ನ ಮೈಯಲ್ಲೇ ತೂತು ಬಿದ್ದು ಒಳಗಿಂದ ನೀರು ಬರುವುದು ಬೇರೆ. ಮೈಯಲ್ಲಿ ತೂತು ಬಿದ್ದಿದೆ ಎಂದರೆ ಲೋಹ ಎಲ್ಲೋ ಕಾಗದದಷ್ಟು ತೆಳುವಾಗಿದೆ ಎಂದರ್ಥ, ಅದು ಯಾವ ಗಳಿಗೆಯಲ್ಲಿ ಸೀಳುತ್ತದೆ ಎಂದು ಯಾರೂ ಹೇಳಲಾರರು. 10.54 ಕೆ.ಜಿ. ಒತ್ತಡದಲ್ಲಿ ನಿಮ್ಮ ಶೆಲ್‌ನ ನೀರು 185 ಡಿಗ್ರಿ ಹತ್ತಿರ ಇರುತ್ತದೆ. ಒತ್ತಡ ಒಮ್ಮೆಲೇ ಬಿಟ್ಟುಹೋದರೆ ಆ ನೀರಿನ ಆರರಲ್ಲೊಂದು ಪಾಲು ಅಲ್ಲೇ ಹಬೆಯಾಗಿಬಿಡುತ್ತದೆ. ಶೆಲ್‌ನಲ್ಲಿ ಐದು ಟನ್ ನೀರಿದೆ ಎಂದಿಟ್ಟುಕೊಳ್ಳಿ, ಎಂಟುನೂರು ಕೆ.ಜಿ. ಹಬೆ, ಸಾವಿರದ ಮುನ್ನೂರು ಘನ ಮೀಟರ್‌ಗೂ ಹೆಚ್ಚು. ನಿಮ್ಮ ಬಾಯ್ಲರ್ ಮನೆಯೊಳಗೆ ಅಷ್ಟು ಜಾಗ ಇಲ್ಲ. ಗೂಡಿನ ಬಾಗಿಲ ಎದುರು ಹೊಟ್ಟು ಹಾಕುತ್ತ ನಿಂತಿರುವವನ ಮುಖ ನೆನಪಿಟ್ಟುಕೊಂಡು ನಿರ್ಧಾರ ಮಾಡಿ.

ಇನ್ನು ನೀವು ಕೇಳಿದ್ದು, ಮತ್ತೆ ಎಕ್ಸ್‌ಪಾಂಡ್ ಮಾಡಿಸಬೇಕೆ ಎಂದು. ಬೇಡ. ಮೂರು ಸಲ ಬಿಗಿ ಮಾಡಿದರೂ ನಿಲ್ಲಲಿಲ್ಲ ಅಂದರೆ ಸಡಿಲ ಮಾಡುತ್ತಿರುವ ಕಾರಣ ಇನ್ನೂ ಅಲ್ಲೇ ಕೂತಿದೆ. ನಿಮ್ಮ ಪತ್ರ ಓದಿದರೆ ನನಗೆ ಎರಡು ಕಾರಣ ಕಾಣಿಸುತ್ತವೆ. ಒಂದು ನೀರು. ಇನ್ನೊಂದು, ರಿಪೇರಿಗೆಂದು ಬಾಯ್ಲರ್ ತಣಿಸುವ ರೀತಿ. ಎರಡನೆಯದನ್ನು ನೀವು ಬರೆದಿಲ್ಲ, ಆದರೆ ಬಹುತೇಕ ಮಿಲ್‌ಗಳಲ್ಲಿ ನಡೆಯುವುದನ್ನು ಕಂಡಿದ್ದೇನೆ, ಹಾಗಾಗಿ ಕೇಳುತ್ತೇನೆ.

ನೀರಿನ ಲೆಕ್ಕ ಮೊದಲು ಹಾಕೋಣ, ಪೆನ್ನು ಹಿಡಿದುಕೊಳ್ಳಿ. 600 ಪಿ.ಪಿ.ಎಂ. ಅಂದರೆ ಒಂದು ಸಾವಿರ ಲೀಟರ್ ನೀರಿನಲ್ಲಿ 600 ಗ್ರಾಂ ಗಡಸು. ಒಳ್ಳೆಯ ಸ್ಥಿತಿಯಲ್ಲಿರುವ ರೆಸಿನ್ ಲೀಟರಿಗೆ 50ರಿಂದ 60 ಗ್ರಾಂ ಗಡಸನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ 200 ಲೀಟರ್ ರೆಸಿನ್ ಹತ್ತರಿಂದ ಹನ್ನೆರಡು ಕೆ.ಜಿ. ಹಿಡಿಯಬಹುದು, ಅಂದರೆ ಹದಿನೇಳರಿಂದ ಇಪ್ಪತ್ತು ಸಾವಿರ ಲೀಟರ್ ನೀರು ಮೆತ್ತಗಾಗುತ್ತದೆ. ಗಂಟೆಗೆ ಎರಡೂವರೆ ಸಾವಿರದ ಹಾಗೆ ಓಡಿದರೆ ಅದು ಏಳೆಂಟು ಗಂಟೆಗೆ ಮುಗಿಯಿತು. ಬೆಳಿಗ್ಗೆ ಆರಕ್ಕೆ ಉಪ್ಪು ಹಾಕಿದರೆ ಮಧ್ಯಾಹ್ನ ಎರಡಕ್ಕೆ ಸಾಫ್ಟನರ್ ಬರೀ ಪೈಪು. ಅಲ್ಲಿಂದ ಮುಂದೆ ಹನ್ನೆರಡು ಗಂಟೆ ಬೋರ್ ನೀರು ಬೋರ್ ನೀರಾಗಿಯೇ ಬಾಯ್ಲರ್‌ಗೆ ಹೋಗುತ್ತಿದೆ. ಮೂವತ್ತು ಸಾವಿರ ಲೀಟರ್, ಅದರಲ್ಲಿ ಹದಿನೆಂಟು ಕೆ.ಜಿ. ಗಡಸು, ಪ್ರತಿದಿನ. ತಳದ ನೀರು ಹೊರಬಿಡುವ ಬ್ಲೋಡೌನ್‌ನಲ್ಲಿ ಸ್ವಲ್ಪ ಹೋಗುತ್ತದೆ, ಕೆಮಿಕಲ್ ಹಾಕುತ್ತಿದ್ದರೆ ಸ್ವಲ್ಪ ಕೆಸರಾಗಿ ತಳಕ್ಕೆ ಕೂರುತ್ತದೆ. ಉಳಿದದ್ದು ಎಲ್ಲಿ ಅತಿ ಹೆಚ್ಚು ಬಿಸಿ ಇದೆಯೋ ಅಲ್ಲಿ ಹಕ್ಕಳೆ ಕಟ್ಟುತ್ತದೆ. ಅತಿ ಹೆಚ್ಚು ಬಿಸಿ ಇರುವುದು ನೀವು ಹೇಳಿದ ಅದೇ ಜಾಗ, ಗೂಡಿನಿಂದ ಗಾಳಿ ನುಗ್ಗುವ ಟ್ಯೂಬ್ ಬಾಯಿ ಮತ್ತು ಅದರ ಸುತ್ತಲಿನ ಪ್ಲೇಟ್.

ಬಾಯಿಲ್ಡ್ ರೈಸ್ ಮಿಲ್‌ನಲ್ಲಿ ಈ ತೊಂದರೆ ಬೇರೆ ಕಾರ್ಖಾನೆಗಿಂತ ಹೆಚ್ಚು. ಭತ್ತ ಬೇಯಿಸಲು ಬಿಡುವ ಹಬೆ ನೇರ ಭತ್ತದೊಳಕ್ಕೆ ಹೋಗುತ್ತದೆ, ಅದು ವಾಪಸ್ಸು ಬರುವುದಿಲ್ಲ. ವಾಪಸ್ಸು ಬರಬಹುದಾದದ್ದು ಡ್ರೈಯರ್‌ನ ರೇಡಿಯೇಟರ್‌ನ ಕಂಡೆನ್ಸೇಟ್ ಮಾತ್ರ. ಅದು ಗಡಸಿಲ್ಲದ, ಬಿಸಿಬಿಸಿ ನೀರು. ಅದನ್ನು ನೀವು ಚರಂಡಿಗೆ ಬಿಡುತ್ತಿದ್ದೀರಿ.

ಹಕ್ಕಳೆ ಕಟ್ಟಿದರೆ ಟ್ಯೂಬ್ ಬಾಯಿ ಯಾಕೆ ಸಡಿಲವಾಗುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಗೊತ್ತಾದರೆ ಎಕ್ಸ್‌ಪಾಂಡರ್ ಮೇಲಿನ ನಂಬಿಕೆ ತಾನಾಗಿ ಕಡಿಮೆಯಾಗುತ್ತದೆ. ಉಕ್ಕಿನ ಮೂಲಕ ಶಾಖ ಹರಿಯುವಷ್ಟು ಸಲೀಸಾಗಿ ಹಕ್ಕಳೆಯ ಮೂಲಕ ಹರಿಯುವುದಿಲ್ಲ. ಸುಣ್ಣದ ಹಕ್ಕಳೆಯಲ್ಲಿ ಅದರ ಇಪ್ಪತ್ತೈದರಿಂದ ಐವತ್ತನೇ ಒಂದು ಪಾಲು, ಸಿಲಿಕಾ ಬೆರೆತಿದ್ದರೆ ಇನ್ನೂ ಕಡಿಮೆ. ಒಂದು ಕಡೆ ಎಂಟುನೂರು ಡಿಗ್ರಿ ಆಸುಪಾಸಿನ ಗಾಳಿ, ಇನ್ನೊಂದು ಕಡೆ ನೀರಿಗೂ ಲೋಹಕ್ಕೂ ನಡುವೆ ಕಂಬಳಿ ಹೊದಿಸಿದ ಹಾಗೆ ಹಕ್ಕಳೆ. ಟ್ಯೂಬ್ ಬಾಯಿ ಮಿತಿ ಮೀರಿ ಕಾಯುತ್ತದೆ. ಕಾದದ್ದು ಹಿಗ್ಗಬೇಕು, ಆದರೆ ಸುತ್ತ ಪ್ಲೇಟ್ ಬಿಗಿಯಾಗಿ ಹಿಡಿದಿದೆ, ಹಿಗ್ಗಲು ಜಾಗವಿಲ್ಲ. ಬಿಸಿಯಲ್ಲಿ ಮೆದುವಾದ ಲೋಹ ತನ್ನೊಳಗೇ ಕುಗ್ಗಿಕೊಳ್ಳುತ್ತದೆ. ರಾತ್ರಿ ಬೆಂಕಿ ಆರಿದಾಗ ಅದು ತಣಿದು ಮೊದಲಿನ ಅಳತೆಗಿಂತ ಚಿಕ್ಕದಾಗುತ್ತದೆ, ತೂತಿನಲ್ಲಿ ಸಡಿಲ ಕೂರುತ್ತದೆ. ನೀವು ಎಕ್ಸ್‌ಪಾಂಡರ್ ಹಾಕಿ ಮತ್ತೆ ಹಿಗ್ಗಿಸುತ್ತೀರಿ, ಬೆಂಕಿ ಅದನ್ನು ಮತ್ತೆ ಕುಗ್ಗಿಸುತ್ತದೆ. ಪ್ರತಿ ಸುತ್ತಿನಲ್ಲೂ ಟ್ಯೂಬ್‌ನ ಗೋಡೆ ಸವೆಯುತ್ತದೆ, ಲೋಹ ಪೆಡಸಾಗುತ್ತದೆ, ಪಕ್ಕದ ತೂತಿನ ಮೇಲೆ ಒತ್ತಡ ಬಿದ್ದು ಅದೂ ಜಿನುಗಲು ಶುರುಮಾಡುತ್ತದೆ. ನೀವೇ ಬರೆದಿದ್ದೀರಿ, “ಇಲ್ಲವೇ ಅದರ ಪಕ್ಕದ್ದು” ಎಂದು.

ಈಗ ನಾನು ಕೇಳುವ ಪ್ರಶ್ನೆ. ಕಳೆದ ಮೂರು ಸಲ ರಿಪೇರಿ ಮಾಡಿದಾಗ ಬೆಂಕಿ ಎಷ್ಟು ಹೊತ್ತಿಗೆ ತೆಗೆದಿರಿ, ಫಿಟ್ಟರ್ ಎಷ್ಟು ಹೊತ್ತಿಗೆ ಒಳಗೆ ಇಳಿದರು? ರಾತ್ರಿ ಹತ್ತಕ್ಕೆ ಬೆಂಕಿ ತೆಗೆದು ಬೆಳಿಗ್ಗೆ ಆರಕ್ಕೆ ಮನುಷ್ಯ ಒಳಗೆ ಹೋಗಿದ್ದರೆ, ಬಾಯ್ಲರ್ ತಾನಾಗಿ ತಣಿದಿಲ್ಲ, ತಣಿಸಿದ್ದಾರೆ. ಹೇಗೆ ಅಂತಲೂ ಹೇಳುತ್ತೇನೆ: ಹಬೆ ಇರುವಾಗಲೇ ಬ್ಲೋಡೌನ್ ತೆರೆದು ನೀರು ಖಾಲಿ ಮಾಡಿ, ಹೊಗೆ ಎಳೆಯುವ ಐ.ಡಿ. ಫ್ಯಾನ್ ಹಾಕಿ, ಗೂಡಿನ ಬಾಗಿಲು ಹಾರೆಕೋಲಿಟ್ಟು ತೆರೆದಿಟ್ಟು, ರಾತ್ರಿಯಿಡೀ ತಣ್ಣನೆ ಗಾಳಿ ಟ್ಯೂಬ್‌ಗಳ ಮೂಲಕ ಎಳೆಸಿರುತ್ತಾರೆ. ಕೆಲವರು ಮೇಲಿಂದ ತಣ್ಣೀರನ್ನೂ ತುಂಬಿಸುತ್ತಾರೆ. ಟ್ಯೂಬ್ ಗೋಡೆ ಮೂರೂವರೆ ಮಿ.ಮೀ. ಚಿಲ್ಲರೆ, ಬೇಗ ತಣಿಯುತ್ತದೆ. ಶೆಲ್ ಅದರ ಮೂರು ನಾಲ್ಕು ಪಟ್ಟು ದಪ್ಪ, ಸುತ್ತ ಇಟ್ಟಿಗೆ, ಶಾಖ ತಡೆಯುವ ಉಣ್ಣೆ. ಅದು ಬಿಸಿಯಾಗಿಯೇ ಇರುತ್ತದೆ. ನಾಲ್ಕು ಮೀಟರ್ ಉದ್ದದ ಟ್ಯೂಬ್ ಶೆಲ್‌ಗಿಂತ ಬರೀ 50 ಡಿಗ್ರಿ ಹೆಚ್ಚು ತಣಿದರೂ 2.4 ಮಿ.ಮೀ. ಕುಗ್ಗಲು ನೋಡುತ್ತದೆ. ಎರಡು ಕಡೆಯ ಪ್ಲೇಟ್ ಬಿಡುವುದಿಲ್ಲ. ಎಳೆತವೆಲ್ಲ ಬೀಳುವುದು ನೀವು ಬಿಗಿ ಮಾಡಿಸಿದ ಅದೇ ಹಿಡಿತದ ಮೇಲೆ. ಹೀಗೆ ಈ ಸಲದ ರಿಪೇರಿಗೆ ಮಾಡಿದ ಅವಸರವೇ ಮುಂದಿನ ಸೋರಿಕೆಗೆ ಕಾರಣವಾಗುತ್ತದೆ.

ಈ ಪಾಠ ನಾನು ಕಲಿತದ್ದು ಸುಲಭವಾಗಿ ಅಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ಮಿಲ್‌ನ ಬಾಯ್ಲರ್‌ಗೆ ಒಂದೇ ಸೀಸನ್‌ನಲ್ಲಿ ಐದು ಸಲ ಎಕ್ಸ್‌ಪಾಂಡರ್ ಹಾಕಿಸಿದೆ. ಪ್ರತಿ ಸಲವೂ ಮಾಲೀಕರು ಖುಷಿಯಾಗಿ ಕಳಿಸಿಕೊಟ್ಟರು. ಆರನೇ ಸಲ ಹೋದಾಗ ಟ್ಯೂಬ್ ಪ್ಲೇಟ್ ಮೇಲೆ ಎರಡು ತೂತುಗಳ ನಡುವೆ ಕೂದಲಿನಂಥ ಒಂದು ಗೆರೆ. ಒರೆಸಿದರೆ ಹೋಗಲಿಲ್ಲ. ಪ್ಲೇಟ್ ಬಿರುಕು ಬಿಟ್ಟಿತ್ತು. ಟ್ಯೂಬ್ ಬದಲಿಸುವ ಖರ್ಚಿನಲ್ಲಿ ಮುಗಿಯಬೇಕಾದ ಕೆಲಸ ಟ್ಯೂಬ್ ಪ್ಲೇಟ್ ಬದಲಿಸುವ ತನಕ ಹೋಯಿತು, ಆ ಸೀಸನ್ ಮುಗಿಯುವ ತನಕ ಮಿಲ್ ತೆರೆಯಲಿಲ್ಲ. ಅಲ್ಲಿನ ಹಮಾಲರು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದರು. ಇವತ್ತಿಗೂ ಯಾರಾದರೂ “ಇನ್ನೊಂದು ಸಲ ಬಿಗಿ ಮಾಡೋಣ ಸಾರ್” ಅಂದರೆ ಆ ಗೆರೆ ಕಣ್ಣಿಗೆ ಬರುತ್ತದೆ.

ಈಗ ಪತ್ತೆ ಕೆಲಸ. ಬೆಂಕಿ ತೆಗೆದ ಮೇಲೆ ಹೊಗೆ ದಾರಿಯ ಎಲ್ಲ ಡ್ಯಾಂಪರ್, ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ನೀರು ಗೇಜ್ ಗ್ಲಾಸಿನಲ್ಲಿ ಕಾಣುವಷ್ಟು ಇರಲಿ, ಬಾಯ್ಲರ್ ತಾನಾಗಿ ತಣಿಯಲಿ. ಒಂದು ಹಗಲು ಒಂದು ರಾತ್ರಿ ಬಿಟ್ಟುಬಿಡಿ. ಒತ್ತಡ ಸೊನ್ನೆಗೆ ಬಂದು ಮೇಲಿನ ಏರ್ ವೆಂಟ್ ತೆರೆದು, ಮೈ ಮುಟ್ಟಿದರೆ ಉಗುರು ಬೆಚ್ಚಗೆ ಅನ್ನಿಸಿದ ಮೇಲೆ ನೀರು ಇಳಿಸಿ.

ಒಳಗೆ ಇಳಿದವರು ಬ್ರಷ್ ಹಾಕುವ ಮೊದಲು ಕಣ್ಣು ಹಾಕಬೇಕು. ಬೂದಿ ಕೆರೆದು ಹಾಕಿದರೆ ಸಾಕ್ಷಿ ಹೋಯಿತು. ಟಾರ್ಚ್ ಬೆಳಕನ್ನು ಪ್ಲೇಟ್‌ಗೆ ಅಡ್ಡಡ್ಡ ಹಾಯಿಸಿ ನೋಡಿ. ಜಿನುಗಿದ ಬಾಯಿಯ ಕೆಳಗೆ ಸುಣ್ಣ ಬಳಿದಂಥ ಬಿಳಿ ಗೆರೆ ಇಳಿದಿರುತ್ತದೆ, ಹೊಟ್ಟಿನ ಬೂದಿ ಒದ್ದೆಯಾಗಿ ಗಟ್ಟಿ ಗಂಟಾಗಿರುತ್ತದೆ. ಯಾವ ಯಾವ ಬಾಯಿ ಎಂದು ಕಾಗದದ ಮೇಲೆ ಟ್ಯೂಬ್ ಪ್ಲೇಟ್ ಚಿತ್ರ ಬರೆದು ಗುರುತು ಹಾಕಿ. ನನಗೆ ಆ ಚಿತ್ರ ಒಂದಿದ್ದರೆ ಅರ್ಧ ರೋಗ ತಿಳಿಯುತ್ತದೆ. ಬರೀ ಮೇಲಿನ ಸಾಲುಗಳು ಒಟ್ಟಿಗೆ ಸೋರುತ್ತಿದ್ದರೆ ಎಂದೋ ಒಮ್ಮೆ ನೀರು ಕಡಿಮೆಯಾಗಿ ಅವು ಬರಿದಾಗಿ ಕಾದಿವೆ. ಆಗ ನೀರಿನ ಮಟ್ಟ ಕಾಯುವ ಮೊಬ್ರೆ ಕೆಲಸ ಮಾಡುತ್ತಿದೆಯೇ, ನೀರು ಕಡಿಮೆಯಾಗಿ ಕಾದರೆ ಕರಗುವ ಫ್ಯೂಜಿಬಲ್ ಪ್ಲಗ್‌ನ ಸೀಸ ಕರಗಲು ಶುರುವಾಗಿದೆಯೇ ನೋಡಬೇಕು, ಬಾಯ್ಲರ್‌ಮನ್ ಜೊತೆ ಬೈಯದೆ ಕೂತು ಮಾತಾಡಬೇಕು. ಬಾಯ್ಲರ್‌ಗೆ ತುಂಬಿಸುವ ಫೀಡ್ ನೀರು ಬೀಳುವ ಜಾಗದ ಅಕ್ಕಪಕ್ಕದವು ಮಾತ್ರ ಸೋರಿದರೆ ತಣ್ಣೀರಿನ ಹೊಡೆತ. ನಡುವಿನವು, ಬೆಂಕಿ ನೇರ ಬಡಿಯುವಲ್ಲಿನವು ಸೋರಿದರೆ ಹಕ್ಕಳೆ. ಅಲ್ಲೊಂದು ಇಲ್ಲೊಂದು ಲೆಕ್ಕವಿಲ್ಲದೆ ಮೈ ತೂತಾದರೆ ನೀರಿನಲ್ಲಿ ಕರಗಿದ ಆಮ್ಲಜನಕ ತಿಂದ ಗುಳಿ.

ಹಕ್ಕಳೆಯ ಒಂದು ಚಕ್ಕೆ ಎಬ್ಬಿಸಿ ಗಾಜಿನ ಲೋಟಕ್ಕೆ ಹಾಕಿ, ಟಾಯ್ಲೆಟ್ ತೊಳೆಯುವ ಆಸಿಡ್ ನಾಲ್ಕು ಹನಿ ಬಿಡಿ, ಕನ್ನಡಕ ಹಾಕಿಕೊಂಡು. ಸೋಡಾ ಹಾಗೆ ನೊರೆ ಎದ್ದರೆ ಸುಣ್ಣದ ಹಕ್ಕಳೆ, ಆಸಿಡ್‌ಗೆ ಬಿಡುತ್ತದೆ. ಗಾಜಿನ ಚೂರಿನಂತೆ ಸುಮ್ಮನೆ ಕೂತಿದ್ದರೆ ಸಿಲಿಕಾ ಅಥವಾ ಸಲ್ಫೇಟ್, ಅದಕ್ಕೆ ಬೇರೆ ದಾರಿ ನೋಡಬೇಕು.

ಕಣ್ಣಿಗೆ ಕಾಣದ್ದನ್ನು ತೋರಿಸುವುದು ತಣ್ಣೀರಿನ ಹೈಡ್ರಾಲಿಕ್ ಟೆಸ್ಟ್. ಎರಡು ಕಡೆಯ ಪ್ಲೇಟ್ ಒರೆಸಿ ಒಣಗಿಸಿ, ಟ್ಯೂಬ್‌ಗಳ ಒಳಗನ್ನು ಬಟ್ಟೆ ಕಟ್ಟಿದ ಕೋಲಿನಿಂದ ಒರೆಸಿ, ಪ್ಲೇಟ್ ಮೇಲೆ ಸೀಮೆಸುಣ್ಣ ಸವರಿ. ಗಾಳಿ ಪೂರ್ತಿ ಹೊರಹೋಗುವ ತನಕ ವೆಂಟ್ ತೆರೆದಿಟ್ಟು ನೀರು ತುಂಬಿ. ಒಳಗೆ ಗಾಳಿ ಉಳಿದರೆ ಅದು ಸ್ಪ್ರಿಂಗ್ ಇದ್ದ ಹಾಗೆ, ಏನಾದರೂ ಬಿಟ್ಟುಕೊಂಡರೆ ಚಿಮ್ಮುತ್ತದೆ. ಕೈ ಪಂಪ್‌ನಲ್ಲಿ ನಿಧಾನವಾಗಿ ಏರಿಸಿ, ಎರಡು ಕೆ.ಜಿ.ಗೊಮ್ಮೆ ನಿಂತು ನೋಡಿ. ಒದ್ದೆಯಾದ ಸೀಮೆಸುಣ್ಣ ಕಪ್ಪಗೆ ಕಾಣುತ್ತದೆ, ಸೂಜಿ ಮೊನೆಯಷ್ಟು ಜಿನುಗಿದರೂ ತಪ್ಪುವುದಿಲ್ಲ. ನೀರು ಬಾಯಿಯ ಸುತ್ತಿನಿಂದ ಬಂತೋ ಟ್ಯೂಬ್ ಒಳಗಿನಿಂದ ಹರಿದು ಬಂತೋ ಎನ್ನುವುದನ್ನು ಬೇರ್ಪಡಿಸಿಕೊಳ್ಳಿ. ಒಳಗಿನಿಂದ ಬಂದರೆ ಆ ಟ್ಯೂಬ್‌ಗೆ ಮತ್ತೆ ಬಿಗಿ ಮಾಡುವ ಮಾತೇ ಇಲ್ಲ. ಬದಲಿಸಲೇಬೇಕು.

ವೆಲ್ಡ್ ಹೊಡೆದು ಮುಚ್ಚುವ ವಿಚಾರ. ನಿಮ್ಮ ಫಿಟ್ಟರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಮಿಲ್ ನಿಲ್ಲಬಾರದು ಎಂದು. ಆದರೆ ಸೋರುವ ಬಾಯಿಯ ಮೇಲೆ ಹೊರಗಿಂದ ವೆಲ್ಡ್ ಹೊಡೆದರೆ ಆಗುವುದು ಇಷ್ಟು: ಸಂದಿನಲ್ಲಿ ಅಡಗಿದ ನೀರು ಆರ್ಕ್ ಶಾಖಕ್ಕೆ ಹಬೆಯಾಗಿ ಕರಗಿದ ಲೋಹದೊಳಗೆ ಗುಳ್ಳೆ ಕಟ್ಟುತ್ತದೆ, ಹಕ್ಕಳೆ ಮತ್ತು ಕ್ಷಾರ ಒಳಗೆ ಸಿಕ್ಕಿಬೀಳುತ್ತವೆ, ವೆಲ್ಡ್ ನೋಡಲು ಚೆನ್ನಾಗಿದ್ದರೂ ಬುಡದಲ್ಲಿ ಹಿಡಿದಿರುವುದಿಲ್ಲ. ಜೊತೆಗೆ ದಪ್ಪ ವೆಲ್ಡ್ ಬಿಸಿ ಬದಿಯಲ್ಲಿ ಚಾಚಿಕೊಂಡಿದ್ದರೆ ಅದಕ್ಕೆ ನೀರಿನ ತಂಪು ತಲುಪುವುದಿಲ್ಲ. ಅದು ಕೆಂಪಗೆ ಕಾದು ಬಿರುಕು ಬಿಡುತ್ತದೆ, ಆ ಬಿರುಕು ಪ್ಲೇಟ್‌ನೊಳಕ್ಕೆ ನಡೆಯುತ್ತದೆ. ಸಂದಿನಲ್ಲಿ ಸದಾ ಜಿನುಗುವ ಬಾಯ್ಲರ್ ನೀರು ಆವಿಯಾಗುತ್ತ ಕಾಸ್ಟಿಕ್, ಅಂದರೆ ತೀಕ್ಷ್ಣ ಕ್ಷಾರ, ಉಳಿಸಿಹೋಗುವುದು ಇನ್ನೊಂದು ಅಪಾಯ. ಸಂದಿನೊಳಗೆ ಅದರ ಸಾಂದ್ರತೆ ಹಲವು ಪಟ್ಟು ಏರಿ ಉಕ್ಕು ಒಳಗಿಂದಲೇ ಬಿರುಕು ಬಿಡಬಹುದು. ಬಿಳಿ ಗೆರೆ ಕಂಡ ಟ್ಯೂಬನ್ನು ತಿಂಗಳುಗಟ್ಟಲೆ “ಸ್ವಲ್ಪ ತಾನೆ” ಎಂದು ಬಿಡಬೇಡಿ ಎನ್ನುವುದು ಅದಕ್ಕೇ.

ಒಂದೇ ಟ್ಯೂಬ್ ತೂತಾಗಿದೆ, ಹೊಸ ಟ್ಯೂಬ್ ಬರಲು ನಾಲ್ಕು ದಿನ ಬೇಕು, ಅಲ್ಲಿಯ ತನಕ ಪ್ಲಗ್ ಮಾಡಬಹುದೇ ಎಂದು ನೀವು ಕೇಳುವಿರಿ. ಮಾಡಬಹುದು, ಆದರೆ ಮರದ ಬೆಣೆಯನ್ನೋ ಕಬ್ಬಿಣದ ಬೆಣೆಯನ್ನೋ ಸುತ್ತಿಗೆಯಲ್ಲಿ ಬಡಿದು ಅಲ್ಲ. 56 ಮಿ.ಮೀ. ಬಾಯಿಯ ಮೇಲೆ 10.54 ಕೆ.ಜಿ. ಒತ್ತಡ ಬಿದ್ದರೆ ಬೆಣೆಯನ್ನು ಹೊರಕ್ಕೆ ನೂಕುವ ಬಲ 260 ಕೆ.ಜಿ. ಆಗುತ್ತದೆ, ಟ್ಯೂಬ್ ತೂತಾಗಿರುವುದರಿಂದ ಒಳಗೆ ಪೂರ್ತಿ ಬಾಯ್ಲರ್ ಒತ್ತಡವೇ ಇರುತ್ತದೆ. ಎರಡು ಕಡೆಯ ಪ್ಲಗ್‌ಗಳನ್ನು ಟ್ಯೂಬ್ ಒಳಗಿಂದ ಹಾದುಹೋಗುವ ಒಂದೇ ಸರಳಿನಿಂದ ಬಿಗಿದು ಕಟ್ಟಬೇಕು, ಒಂದನ್ನೊಂದು ಹಿಡಿದಿರುವಂತೆ. ಮತ್ತೊಂದು ಮಾತು: ಟ್ಯೂಬ್‌ಗಳಲ್ಲಿ ಕೆಲವು ಗೋಡೆ ದಪ್ಪನೆಯ ಸ್ಟೇ ಟ್ಯೂಬ್‌ಗಳು. ಅವು ಹೊಗೆ ಹಾಯಲು ಮಾತ್ರ ಇಲ್ಲ, ಎರಡು ಪ್ಲೇಟ್‌ಗಳು ಉಬ್ಬದಂತೆ ಹಿಡಿದಿರುವುದೇ ಅವು. ಸ್ಟೇ ಟ್ಯೂಬ್ ಕೆಟ್ಟರೆ ಪ್ಲಗ್ ಮಾಡಿ ಓಡಿಸುವಂತಿಲ್ಲ. ಬಾಯ್ಲರ್ ಡ್ರಾಯಿಂಗ್‌ನಲ್ಲಿ ಅವು ಯಾವುವೆಂದು ಗುರುತು ಇರುತ್ತದೆ. ಇನ್‌ಸ್ಪೆಕ್ಟರಿಗೆ ತಿಳಿಸದೆ ಪ್ಲಗ್ ಹಾಕಿಯೂ ಓಡಿಸಬೇಡಿ.

ಟ್ಯೂಬ್ ಬದಲಿಸುವ ಕೆಲಸ ನಿಂತಿರುವುದು ಪ್ಲೇಟ್‌ನ ತೂತಿನ ಮೇಲೆ. ಹಳೆಯ ಟ್ಯೂಬನ್ನು ಗ್ಯಾಸ್ ಕಟರ್‌ನಿಂದ ಪ್ಲೇಟ್ ಹತ್ತಿರ ಕೊಯ್ದು ಎಳೆದರೆ ಕಟರ್‌ನ ನಾಲಿಗೆ ತೂತಿನ ಅಂಚನ್ನು ಕಚ್ಚುತ್ತದೆ, ಆ ಗಾಯದಲ್ಲಿ ಹೊಸ ಟ್ಯೂಬ್ ಎಂದೂ ಕೂರುವುದಿಲ್ಲ. ಒಳಗಿಂದ ಟ್ಯೂಬ್ ಕಟರ್ ಹಾಕಿ ಪ್ಲೇಟ್ ಹಿಂದೆ ಕೊಯ್ದು, ಉಳಿದ ಬಾಯಿಯನ್ನು ಉಳಿಯಿಂದ ಒಳಮುಖ ಮಡಚಿ ಕಳಚಬೇಕು. ಆಮೇಲೆ ತೂತನ್ನು ಎಮರಿ ಬಟ್ಟೆಯಿಂದ ಹೊಳೆಯುವ ತನಕ ಉಜ್ಜಿ, ಬೆರಳು ಹಾಕಿ ಸುತ್ತ ಸವರಿ ನೋಡಿ. ಉದ್ದಕ್ಕೆ ಒಂದು ಗೀರು ಇದ್ದರೂ ಬೆರಳಿಗೆ ಸಿಗುತ್ತದೆ, ಆ ಗೀರೇ ನೀರಿನ ದಾರಿ. ಅಡ್ಡಲಾಗಿ, ಉದ್ದವಾಗಿ ಎರಡು ಕಡೆ ಅಳತೆ ತೆಗೆದು ತೂತು ಮೊಟ್ಟೆಯಾಕಾರ ಆಗಿದೆಯೇ ನೋಡಬೇಕು. ತೂತುಗಳ ನಡುವಿನ ಪ್ಲೇಟ್‌ಗೆ ಡೈ, ಅಂದರೆ ಬಣ್ಣದ ದ್ರವ, ಹಾಕಿ ಬಿರುಕು ಪರೀಕ್ಷೆ ಮಾಡಿಸಿ, ಇದನ್ನು ಬಿಡಲೇಬೇಡಿ. ಬಿರುಕು ಕಂಡರೆ ಟ್ಯೂಬ್ ಕೆಲಸ ಅಲ್ಲಿಗೇ ನಿಲ್ಲಿಸಿ.

ಎಕ್ಸ್‌ಪಾಂಡ್ ಮಾಡುವುದು ಕೈ ಅಂದಾಜಿನ ಕೆಲಸ ಎಂದು ಹಳಬರು ಹೇಳುತ್ತಿದ್ದರು. ಅವರ ಕೈ ದೊಡ್ಡದು, ಆದರೂ ಅಳತೆ ಇಟ್ಟುಕೊಳ್ಳಿ. ನಿಮ್ಮ ಟ್ಯೂಬ್ ಹೊರ ಅಳತೆ 63.5, ಗೋಡೆ 3.66 ಮಿ.ಮೀ. ಎಂದಿಟ್ಟುಕೊಳ್ಳೋಣ, ಈ ಗಾತ್ರದ ಬಾಯ್ಲರ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಅದು. ಒಳ ಅಳತೆ 56.18. ತೂತು 64.3 ಇದ್ದರೆ ನಡುವಿನ ಸಡಿಲ 0.8. ಆ ಸಡಿಲ ಮುಚ್ಚಿದಾಗ ಒಳ ಅಳತೆ 56.98 ಆಗುತ್ತದೆ, ಅಲ್ಲಿಗೆ ಟ್ಯೂಬ್ ತೂತನ್ನು ಮುಟ್ಟಿತು ಅಷ್ಟೆ, ಹಿಡಿದಿಲ್ಲ. ಅಲ್ಲಿಂದ ಎರಡೂ ಗೋಡೆ ಸೇರಿ ದಪ್ಪದ ಶೇಕಡಾ ಏಳರಷ್ಟು, ಅಂದರೆ ಅರ್ಧ ಮಿ.ಮೀ. ಹಿಗ್ಗಿಸಿದರೆ 57.5. ಅಲ್ಲಿಗೆ ನಿಲ್ಲಿಸಿ. ಈಗ ನಿಮ್ಮ ಹಳೆಯ ಟ್ಯೂಬ್ ಬಾಯಿಗಳ ಒಳ ಅಳತೆ ತೆಗೆಯಿರಿ. 58.2ರ ಹತ್ತಿರ ಬಂದರೆ ಶೇಕಡಾ ಹದಿನಾರಕ್ಕೂ ಹೆಚ್ಚು ಹಿಗ್ಗಿದೆ; ಆ ಬಾಯಿಯಲ್ಲಿ ಇನ್ನು ಬಿಗಿ ಮಾಡಲು ಲೋಹ ಉಳಿದಿಲ್ಲ. ಒಳಮೈ ಬೆರಳಿನಿಂದ ಮುಟ್ಟಿದರೆ ಈರುಳ್ಳಿ ಸಿಪ್ಪೆಯಂತೆ ಎದ್ದಿರುವುದೂ ಉಂಟು. ಅಂಥವನ್ನೆಲ್ಲ ಚಿತ್ರದಲ್ಲಿ ಗುರುತು ಹಾಕಿ, ಬದಲಿಸುವ ಪಟ್ಟಿಗೆ ಸೇರಿಸಿ.

ಹೊಸ ಟ್ಯೂಬ್ ಬಾಯ್ಲರ್‌ಗೆಂದೇ ಬರುವ, ಐ.ಬಿ.ಆರ್. (ಭಾರತೀಯ ಬಾಯ್ಲರ್ ನಿಯಮಾವಳಿ) ಪ್ರಮಾಣಪತ್ರ ಇರುವ ಬಿ.ಎಸ್. 3059 ಗುಣಮಟ್ಟದ ಟ್ಯೂಬ್ ಆಗಿರಲಿ, ಪತ್ರದಲ್ಲಿರುವ ಹೀಟ್ ನಂಬರ್ (ಆ ಉಕ್ಕು ಕರಗಿಸಿದ ಸರದಿಯ ಸಂಖ್ಯೆ) ಟ್ಯೂಬ್ ಮೇಲೆ ಹೊಡೆದಿರುವ ನಂಬರಿಗೆ ಹೊಂದುತ್ತದೆಯೇ ನೀವೇ ಕಣ್ಣಿಟ್ಟು ನೋಡಿ. ನೀರಿನ ಪೈಪ್ ನೋಡಲು ಹಾಗೇ ಇರುತ್ತದೆ, ಬೆಲೆ ಕಡಿಮೆ, ಅದನ್ನು ತಂದು ಹಾಕಿದ ಜಾಗಗಳನ್ನೂ ನಾನು ಕಂಡಿದ್ದೇನೆ. ಬಿಸಿ ಬದಿಯಲ್ಲಿ ಟ್ಯೂಬ್ ಬಾಯಿ ಪ್ಲೇಟ್‌ನಿಂದ ಹೊರಗೆ ಚಾಚಿಕೊಂಡಿರಬಾರದು. ಮೆತ್ತಗೆ ಎಕ್ಸ್‌ಪಾಂಡ್ ಮಾಡಿ, ಒಣಗಿಸಿದ 7018 ವೆಲ್ಡಿಂಗ್ ರಾಡ್‌ನಿಂದಲೋ ಆರ್ಗಾನ್‌ನಿಂದಲೋ ಸೀಲ್ ವೆಲ್ಡ್ ಮಾಡಿ, ಚಾಚಿದ್ದನ್ನು ವೆಲ್ಡ್ ಮಟ್ಟಕ್ಕೆ ಅರೆದು, ಕೊನೆಗೆ ಇನ್ನೊಮ್ಮೆ ಮೆತ್ತಗೆ ಎಕ್ಸ್‌ಪಾಂಡರ್ ತಿರುಗಿಸುವುದು ನನ್ನ ಕ್ರಮ. ಒಂದರ ಪಕ್ಕ ಒಂದು ಸಾಲಾಗಿ ಮಾಡಿಕೊಂಡು ಹೋಗದೆ ಅಲ್ಲೊಂದು ಇಲ್ಲೊಂದು ಹಂಚಿ ಮಾಡಿದರೆ ಪ್ಲೇಟ್ ಒಂದು ಕಡೆಗೆ ಎಳೆಯುವುದಿಲ್ಲ.

ಕಾನೂನಿನ ಮಾತು ಚಿಕ್ಕದು. ಟ್ಯೂಬ್ ಬದಲಿಸಲು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಒಪ್ಪಿಗೆ ಬೇಕು, ಮಾಡುವವರು ಇಲಾಖೆ ಒಪ್ಪಿದ ರಿಪೇರಿದಾರರಾಗಿರಬೇಕು, ವೆಲ್ಡರ್ ಬಳಿ ಐ.ಬಿ.ಆರ್. ವೆಲ್ಡರ್ ಸರ್ಟಿಫಿಕೇಟ್ ಇರಬೇಕು. 1923ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಬಾಯ್ಲರ್ ಕಾಯ್ದೆ ಬಂದಿದೆ, ಈ ಬೇಡಿಕೆ ಬದಲಾಗಿಲ್ಲ. ಇದನ್ನು ಕಿರುಕುಳ ಎಂದು ತಿಳಿಯುವವರಿಗೆ ನಾನು ಒಂದು ವಿಷಯ ಹೇಳುತ್ತೇನೆ: 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತ ಮೇಲೆ, 1864ರಲ್ಲಿ ಬಂಗಾಳದಲ್ಲಿ ಈ ದೇಶದ ಮೊದಲ ಬಾಯ್ಲರ್ ಕಾನೂನು ಬಂತು. ಸತ್ತವರ ಹೆಸರಿನಲ್ಲಿ ಶುರುವಾದ ತಪಾಸಣೆ ಇದು. ಕೆಲಸ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಮುಂದೆ ಹೈಡ್ರಾಲಿಕ್ ಟೆಸ್ಟ್ ಆಗಬೇಕು, ಕೆಲಸದ ಒತ್ತಡದ ಒಂದೂಕಾಲರಿಂದ ಒಂದೂವರೆ ಪಟ್ಟು, ಎಷ್ಟೆಂದು ಅವರು ಹೇಳುತ್ತಾರೆ. ಅವರು ಹೇಳುವಷ್ಟು ಹೊತ್ತು ಮುಳ್ಳು ಅಲುಗಬಾರದು.

ಈಗ ನೀರಿಗೆ ವಾಪಸ್ಸು ಬರುತ್ತೇನೆ, ಯಾಕೆಂದರೆ ಇದನ್ನು ಮಾಡದಿದ್ದರೆ ಹೊಸ ಟ್ಯೂಬ್‌ಗಳೂ ಮುಂದಿನ ಸೀಸನ್‌ಗೆ ಇದೇ ಕತೆ. ಹಕ್ಕಳೆ ಸುಣ್ಣದ್ದಾಗಿದ್ದರೆ ಟ್ಯೂಬ್ ಬದಲಿಸುವ ಮೊದಲೇ ಆಸಿಡ್ ತೊಳೆತ ಮಾಡಿಸಿ, ಲೋಹ ತಿನ್ನದಂತೆ ತಡೆಯುವ ಇನ್ಹಿಬಿಟರ್ ಹಾಕಿ, ಅನುಭವ ಇರುವವರಿಂದ. ಆಮೇಲೆ ಸೋಡಾ ಹಾಕಿ ಉಳಿದ ಆಸಿಡ್‌ನ ತೀಕ್ಷ್ಣತೆ ಕಳೆದು, ಶುದ್ಧ ನೀರಿನಿಂದ ತೊಳೆಯಬೇಕು. ಹೊಸ ಬಿಗಿತದ ಸಂದಿಗೆ ಆಸಿಡ್ ಹೋಗಬಾರದು, ಅದಕ್ಕೇ ಮೊದಲು ಎಂದದ್ದು.

ಸಾಫ್ಟನರ್‌ಗೆ ದಿನಕ್ಕೊಮ್ಮೆ ಅಲ್ಲ, ಪ್ರತಿ ಹದಿನೈದು ಸಾವಿರ ಲೀಟರಿಗೊಮ್ಮೆ ಉಪ್ಪು. ಫೀಡ್ ಲೈನಿಗೆ ನೀರಿನ ಮೀಟರ್ ಕೂರಿಸಿ, ಗಡಿಯಾರ ನೋಡಿ ಉಪ್ಪು ಹಾಕಬೇಡಿ, ಮೀಟರ್ ನೋಡಿ ಹಾಕಿ. ಒಂದು ಸಲಕ್ಕೆ 25ರಿಂದ 30 ಕೆ.ಜಿ. ಉಪ್ಪು ಬೇಕು. ಇಷ್ಟು ಸಲ ಮಾಡುವುದು ಕಷ್ಟವಾದರೆ ಎರಡನೇ ಸಾಫ್ಟನರ್ ಇಡಿ, ಒಂದು ತೊಳೆಯುವಾಗ ಇನ್ನೊಂದು ಓಡಲಿ. ಗಡಸು ಪರೀಕ್ಷೆಯ ಕಿಟ್ ಬಾಯ್ಲರ್‌ಮನ್ ಕೈಯಲ್ಲಿರಲಿ, ಎರಡು ಗಂಟೆಗೊಮ್ಮೆ ಹನಿ ಹಾಕಿ ಬಣ್ಣ ನೋಡಲಿ. 5 ಪಿ.ಪಿ.ಎಂ. ದಾಟಿದರೆ ಫೀಡ್ ನಿಲ್ಲಿಸಿ ಸಾಫ್ಟನರ್ ತೊಳೆಯುವ ಅಧಿಕಾರ ಅವರಿಗೇ ಕೊಡಿ, ನಿಮ್ಮನ್ನು ಕೇಳಲು ಕಾಯಬಾರದು. ಬಾಯ್ಲರ್ ಒಳಗಿನ ನೀರಿನ ಟಿ.ಡಿ.ಎಸ್. (ಕರಗಿದ ಒಟ್ಟು ಲವಣ) 3500 ಪಿ.ಪಿ.ಎಂ. ಮೀರದಂತೆ ಬ್ಲೋಡೌನ್, ಪಿ.ಎಚ್. 11ರ ಆಸುಪಾಸು.

ಡ್ರೈಯರ್ ಕಂಡೆನ್ಸೇಟನ್ನು ಫೀಡ್ ಟ್ಯಾಂಕ್‌ಗೆ ತನ್ನಿ. ಒಂದು ಪಂಪು, ಒಂದಿಷ್ಟು ಪೈಪು, ಅಷ್ಟೆ. ಅದು ಬಂದರೆ ಬೋರ್ ನೀರು ಕಡಿಮೆ ಸಾಕು, ಉಪ್ಪು ಕಡಿಮೆ, ಹೊಟ್ಟೂ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ ಟ್ಯಾಂಕ್ ನೀರು 80 ಡಿಗ್ರಿ ದಾಟಿದರೆ ಅದರಲ್ಲಿ ಕರಗಿದ ಆಮ್ಲಜನಕದ ಬಹುಪಾಲು ಹೊರಗೆ ಹೋಗುತ್ತದೆ. ಉಳಿದದ್ದಕ್ಕೆ ಸೋಡಿಯಂ ಸಲ್ಫೈಟ್, ಒಂದು ಪಾಲು ಆಮ್ಲಜನಕಕ್ಕೆ ಎಂಟು ಪಾಲು. ನಿಮ್ಮ ಮೈ ತೂತಾದ ಆ ಒಂದು ಟ್ಯೂಬ್ ಇದೇ ಗುಳಿಯಿಂದ ಹೋಗಿರಬಹುದೆಂಬ ಗುಮಾನಿ ನನಗಿದೆ.

ಎರಡು ದಿನದಲ್ಲಿ ಇದೆಲ್ಲ ಆಗುವುದಿಲ್ಲ. ತಾನಾಗಿ ತಣಿಯಲು ಒಂದು ದಿನ, ನೋಡಿ ಅಳತೆ ತೆಗೆದು ಟೆಸ್ಟ್ ಮಾಡಲು ಒಂದು ದಿನ, ಆಮೇಲೆ ಒಪ್ಪಿಗೆ, ಟ್ಯೂಬ್, ಕೆಲಸ, ಮತ್ತೆ ಟೆಸ್ಟ್. ಎಂಟು ಹತ್ತು ದಿನ ಇಟ್ಟುಕೊಳ್ಳಿ. ನೆನೆಹಾಕಿದ ಭತ್ತ ಇದ್ದರೆ ಅದನ್ನು ಪಕ್ಕದ ಮಿಲ್‌ಗೆ ಕೂಲಿಗೆ ಕಳಿಸುವ ಏರ್ಪಾಡು ಇವತ್ತೇ ಮಾಡಿ. ಶುರು ಮಾಡುವ ದಿನವೂ ಅವಸರ ಬೇಡ: ತಣ್ಣನೆ ಬಾಯ್ಲರ್‌ನಿಂದ ಪೂರ್ತಿ ಒತ್ತಡಕ್ಕೆ ಆರು ಗಂಟೆ, ಸಣ್ಣ ಬೆಂಕಿಯಲ್ಲಿ, ವೆಂಟ್‌ನಿಂದ ಹಬೆ ಬರುವ ತನಕ ಅದು ತೆರೆದೇ ಇರಲಿ.

ಕಳಚಿದ ಟ್ಯೂಬ್‌ಗಳನ್ನು ಗುಜರಿಗೆ ಹಾಕಬೇಡಿ. ತೂತಾದದ್ದರ ಒಂದು ಅಡಿ ತುಂಡನ್ನು, ತೂತು ನಡುವೆ ಬರುವಂತೆ, ಉದ್ದಕ್ಕೆ ಸೀಳಿಸಿ. ನೀರಿನ ಬದಿಯಲ್ಲಿ ಬಟ್ಟಲಿನಂಥ ಗುಳಿ ಇದ್ದರೆ ಆಮ್ಲಜನಕ. ಹೊಗೆ ಬದಿಯಲ್ಲಿ ಒಂದೇ ದಿಕ್ಕಿಗೆ ನಯವಾಗಿ ಸವೆದಿದ್ದರೆ ಹೊಟ್ಟಿನ ಬೂದಿ. ಆ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಮರಳು ಕಾಗದದಂತೆ ಉಜ್ಜುತ್ತದೆ. ಆ ತುಂಡಿನ ಎರಡೂ ಬದಿಯ ಫೋಟೋ, ಟ್ಯೂಬ್ ಪ್ಲೇಟ್ ಚಿತ್ರ ಮತ್ತು ಬಾಯಿಗಳ ಅಳತೆ ಕಳಿಸಿ. ಎಷ್ಟು ಟ್ಯೂಬ್ ಬದಲಿಸಬೇಕು ಎನ್ನುವುದನ್ನು ಅದನ್ನು ನೋಡಿಯೇ ಹೇಳುತ್ತೇನೆ.